ಸೋರುವ ಇಂಜಿನ್ನು, ಮಾತು ಬಿಟ್ಟ ಅಣ್ಣ

ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ಹಿತ್ತಲ ಗೂಟಕ್ಕೆ ನೇತುಬಿದ್ದಿದ್ದ ಬನಿಯನ್ನೊಂದನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದು, "ಏನ್ರಿ, ಇದನ್ನ ತೊಳೀಲೋ, ಒಲಿಗೆ ಹಾಕಲೋ?" ಎಂದು ಕೇಳಿದಳು. ಅದು ಒಂದು ಕಾಲಕ್ಕೆ ಬಿಳಿಯದಾಗಿತ್ತು ಎನ್ನುವುದಕ್ಕೆ ಅದರ ಕಂಕುಳ ಭಾಗ ಮಾತ್ರ ಸಾಕ್ಷಿ. ಉಳಿದದ್ದೆಲ್ಲ ಇಂಜಿನ್ ಎಣ್ಣೆ ಕುಡಿದು, ಧೂಳು ತಿಂದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. "ಅಲ್ಲೇ ಇರಲಿ ಬಿಡು" ಎಂದೆ. ಅವಳು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಯಾವ ಪ್ರಶ್ನೆಯನ್ನು ಎರಡನೇ ಸಲ ಕೇಳಬಾರದು ಎಂದು ಗೊತ್ತು. ಬನಿಯನ್ ಮತ್ತೆ ಗೂಟಕ್ಕೆ ಹೋಯಿತು, ನಾನು ಕಟ್ಟೆಯ ಮೇಲೆ ಕುಳಿತು ಈ ವರ್ಷದ ನನ್ನ ಸುಸ್ತನ್ನು ನೆನೆಯುತ್ತ ಚಹಾ ಕುಡಿದೆ.

ಸುಸ್ತು ಎಂದೆನಲ್ಲ, ಅದು ಮೈಯ ಸುಸ್ತಲ್ಲ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಕಲಿಸಿ ನಿವೃತ್ತನಾಗಿ ಊರಿಗೆ ಬಂದವನಿಗೆ ಮೈ ದಣಿಯುವಂಥ ಕೆಲಸವಾದರೂ ಏನಿರುತ್ತದೆ? ಒಂದೇ ಹಿತ್ತಲಿನಲ್ಲಿ ಓಡಾಡುವ ಒಡಹುಟ್ಟಿದವನ ಜೊತೆ ಏಳು ತಿಂಗಳು ಮಾತಾಡದೆ ಇರುವುದಿದೆಯಲ್ಲ, ಅದು ಕಲ್ಲು ಹೊರುವುದಕ್ಕಿಂತ ಭಾರದ ಕೆಲಸ. ಮಾತು ಬಿಟ್ಟವರಿಗೆ ಮಾತ್ರ ಅದು ಗೊತ್ತು. ಕೆಮ್ಮು ಬಂದರೂ ಅವನು ಹಿತ್ತಲಲ್ಲಿ ಇದ್ದಾನೋ ಇಲ್ಲವೋ ನೋಡಿಕೊಂಡು ಕೆಮ್ಮಬೇಕು. ನಾವು ಮಾತು ಬಿಟ್ಟದ್ದು ಒಂದು ದೋಣಿಯ ಇಂಜಿನ್ನಿಗಾಗಿ ಎಂದರೆ ನೀವು ನಗುತ್ತೀರಿ. ನಗಿರಿ, ಆದರೆ ಪೂರ್ತಿ ಕೇಳಿ ನಗಿರಿ.

ಸವದತ್ತಿಯ ಆಸುಪಾಸಿನಲ್ಲಿ ದೋಣಿ ಎಲ್ಲಿಯದು ಎಂದು ದೂರದವರು ಕೇಳುತ್ತಾರೆ. ಯಲ್ಲಮ್ಮನ ಗುಡ್ಡಕ್ಕೆ ಬಂದವರು ಉಗರಗೋಳದಲ್ಲಿ ಬಳೆ ಕೊಂಡು, ಕುಂಕುಮ ಕೊಂಡು ತಿರುಗಿ ಹೋಗುತ್ತಾರೆ, ಮಲಪ್ರಭೆಯ ಹಿನ್ನೀರು ಅವರ ಕಣ್ಣಿಗೆ ಬೀಳುವುದಿಲ್ಲ. ನವಿಲುತೀರ್ಥದಲ್ಲಿ ಡ್ಯಾಮು ಕಟ್ಟಿದ ಮೇಲೆ ನಮ್ಮೂರು ಈ ದಂಡೆಗೆ ಉಳಿಯಿತು, ನಮ್ಮ ಹನ್ನೆರಡು ಎಕರೆ ಎರೆಹೊಲ ಆ ದಂಡೆಗೆ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ತಗ್ಗಿನ ಹಳೇ ದಾರಿ ಮೇಲೆ ಬರುತ್ತದೆ, ಆಗ ಚಕ್ಕಡಿ ಹೂಡಿಕೊಂಡು ಹೋಗಬಹುದು. ಶ್ರಾವಣದಿಂದ ಹೋಳಿಹುಣ್ಣಿಮೆಯ ತನಕ ಮಾತ್ರ ದೋಣಿಯೇ ಗತಿ. ರಸ್ತೆಯ ಮೇಲೆ ಸುತ್ತಿಹೋದರೆ ಎರಡು ಬಸ್ಸು ಬದಲಿಸಿ, ಇಳಿದ ಮೇಲೆ ಮತ್ತೆ ಕೆಸರಲ್ಲಿ ಒಂದು ತಾಸು ನಡೆಯಬೇಕು. ಬೀಜದ ಚೀಲ ಹೊತ್ತುಕೊಂಡು ಅದು ಆಗದ ಮಾತು.

ನನ್ನ ಅಣ್ಣ ಈರಪ್ಪ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅವನು ನಲವತ್ತು ವರ್ಷ ಹುಟ್ಟು ಹಾಕಿಯೇ ಆ ನೀರು ದಾಟಿದ. ಮೂರು ವರ್ಷದ ಹಿಂದೆ ಅವನಿಗೆ ಎದೆನೋವು ಬಂದು, ಬೆಳಗಾವಿಯಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಇನ್ನು ಭಾರ ಎತ್ತುವ ಹಾಗಿಲ್ಲ, ದಮ್ಮು ಹತ್ತುವ ಕೆಲಸ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಅಣ್ಣ ತಲೆಯಾಡಿಸಿದ. ಅವನು ತಲೆಯಾಡಿಸಿದ ರೀತಿ ನೋಡಿಯೇ ನನಗೆ ತಿಳಿಯಿತು, ಶ್ರಾವಣಕ್ಕೆ ಈತ ಮತ್ತೆ ಹುಟ್ಟು ಹಿಡಿಯುತ್ತಾನೆ ಎಂದು. ಅದಕ್ಕೇ ನಾನು ಗೋವಾದ ಕಡೆಯ ಪರಿಚಯದವರನ್ನು ಹಿಡಿದು, ದೋಣಿಯ ಹಿಂಬದಿಗೆ ತಿರುಪಿ ಕೂಡಿಸುವ ಒಂದು ಸಣ್ಣ ಪೆಟ್ರೋಲ್ ಇಂಜಿನ್ ತರಿಸಿದೆ. ಒಬ್ಬರ ಕೈದಾಟಿ ಬಂದದ್ದು, ಆದರೆ ಒಳ್ಳೆಯ ಇಂಜಿನ್. ಮೇಲೆ ಟೊಪ್ಪಿಗೆ, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಗೆ ಪಂಖ. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ. ಇಂಜಿನ್ ಅಣ್ಣನ ಪಾಲಿಗೆ, ಪುಸ್ತಕ ನನ್ನ ಪಾಲಿಗೆ ಬಂದವು. ಜಗಳದ ಬೀಜ ಅಲ್ಲೇ ಇತ್ತು, ಆಗ ಕಾಣಲಿಲ್ಲ.

ಈ ವರ್ಷ ಹೋಳಿಗೆ ನಾಲ್ಕು ದಿನ ಮುಂಚೆ, ನೀರು ಇಳಿದ ಮೇಲೆ, ಇಂಜಿನ್ನನ್ನು ದೋಣಿಯಿಂದ ಬಿಚ್ಚಿ ತಂದೆವು. ಹಿತ್ತಲ ಖೋಲಿಯಲ್ಲಿ ಅಣ್ಣ ಕಣಿಕೆಯ, ಎಂದರೆ ಒಣಗಿದ ಜೋಳದ ದಂಟಿನ, ಸಿವುಡು ಬಿಚ್ಚಿ ಹಾಸಿ, ಮೇಲೆ ಗೋಣಿಚೀಲ ಹರಡಿ, ಇಂಜಿನ್ನನ್ನು ಅದರ ಮೇಲೆ ಮಲಗಿಸಿದ. ಬಾಣಂತಿಗೆ ಮಾಡುವಷ್ಟು ಆರೈಕೆ. ನಾನು ಪುಸ್ತಕ ಹಿಡಿದುಕೊಂಡು ಬಂದೆ.

"ಅಣ್ಣಾ, ಇದನ್ನ ಹಿಂಗ ಮಲಗಸಬಾರದು. ಒಳಗಿನ ಎಣ್ಣಿ ಎಲ್ಲೆಲ್ಲೋ ಹೋಗತೈತಿ. ನಿಂದರಿಸೇ ಇಡಬೇಕಂತ ಬರದಾರ."

"ಏಳು ತಿಂಗಳ ದುಡದೈತಿ. ಮಲಗಲಿ ಬಿಡು."

"ಇದೇನು ಎತ್ತಾ? ಇಂಜಿನ್ ಐತಿ."

"ಪುಸ್ತಕ ಬರದಾಂವ ನಮ್ಮ ನೀರಾಗ ಇಳದಾನೇನು? ಇಷ್ಟ ವರ್ಷ ದಾಟಿದಾಂವ ನಾನು."

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ತಪ್ಪು ಮಾಡಿದ ಹುಡುಗರನ್ನು ಬೋರ್ಡಿನ ಮುಂದೆ ನಿಲ್ಲಿಸಿ ತಿದ್ದಿ ತಿದ್ದಿ ಕೆಟ್ಟುಹೋದ ನಾಲಿಗೆ ನನ್ನದು. ವೈನಿ, ಎಂದರೆ ಅಣ್ಣನ ಹೆಂಡತಿ, ಬಾಗಿಲಲ್ಲೇ ನಿಂತಿದ್ದರು. ಅವರ ಮುಂದೆಯೇ ಅಂದುಬಿಟ್ಟೆ: "ಎಣ್ಣಿ ನೋಡದ ಇಂಜಿನ್ ಸುಟ್ಟಾಂವ ನೀನು. ನಿನಗ ನಾ ಇಂಜಿನ್ ಬಗ್ಗೆ ಏನ್ ಹೇಳ್ಲಿ?"

ಅಣ್ಣ ಕೈಯಲ್ಲಿದ್ದ ಕಣಿಕೆ ಕೆಳಗಿಟ್ಟ. ಎರಡೂ ಕೈ ಝಾಡಿಸಿಕೊಂಡ. ನನ್ನನ್ನು ದಾಟಿಕೊಂಡು ಹೊರಗೆ ಹೋದ. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ಆ ಸುಟ್ಟ ಇಂಜಿನ್ನಿನ ಕಥೆಯನ್ನು ನಿಮಗೆ ಹೇಳಲೇಬೇಕು. ಅದು ನಮ್ಮ ಅಪ್ಪನ ಕಾಲದ್ದು. ಬಾವಿಯ ದಂಡೆಯ ಮೇಲೆ ಒಂದು ಡೀಸೆಲ್ ಪಂಪ್‌ಸೆಟ್ಟಿತ್ತು. ರಾಮದುರ್ಗದ ಪೇಟೆಯಿಂದ ಅದನ್ನು ಚಕ್ಕಡಿಯಲ್ಲಿ ತಂದ ದಿನ ಊರೇ ನೋಡಲು ಬಂದಿತ್ತಂತೆ. ನಾನು ನೋಡುವ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಡೀಸೆಲ್ ಜೊತೆಗೆ ಎಣ್ಣೆಯನ್ನೂ ಕುಡಿಯುತ್ತಿತ್ತು, ಕುಡಿದದ್ದನ್ನೆಲ್ಲ ನೀಲಿ ಹೊಗೆ ಮಾಡಿ ಬಿಡುತ್ತಿತ್ತು. ಅಪ್ಪನಿಗೆ ಓದು ಬರೆಹ ಇರಲಿಲ್ಲ. ಎಣ್ಣೆ ಯಾವಾಗ ಹಾಕಬೇಕು ಎನ್ನುವುದಕ್ಕೆ ಅವನು ಮಾಡಿಕೊಂಡ ಲೆಕ್ಕ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬೆಳಿಗ್ಗೆ ಮೈ ತೊಳೆದುಕೊಂಡು, ಇಂಜಿನ್ನಿಗೆ ವಿಭೂತಿ ಹಚ್ಚಿ, ಲಿಂಬೆಹಣ್ಣು ಕೊಯ್ದು, ಕಾಯಿ ಒಡೆದು, ಆಮೇಲೆ ಹಿಡಿಕೆ ಮುರಿದ ಒಂದು ಚಹಾ ಕಪ್ಪಿನ ತುಂಬ ಎಣ್ಣೆ ತೆಗೆದುಕೊಂಡು ಲಾಳಿಕೆಯಿಂದ ಅದರ ಬಾಯಿಗೆ ಹೊಯ್ಯುತ್ತಿದ್ದ. "ಹೊಟ್ಟಿ ಖಾಲಿ ಇಟ್ಟು ದುಡಸಬಾರದು" ಎನ್ನುತ್ತಿದ್ದ. ನಾವಿಬ್ಬರೂ ಅವನ ಅಕ್ಕಪಕ್ಕ ನಿಂತಿರುತ್ತಿದ್ದೆವು. ಎಣ್ಣೆ ಗುಳುಗುಳು ಇಳಿಯುವ ಸದ್ದು, ಊದುಬತ್ತಿಯ ಹೊಗೆ, ಡೀಸೆಲ್ ವಾಸನೆ, ಒಡೆದ ಕಾಯಿಯ ನೀರಿಗೆ ಕೈಯೊಡ್ಡುವ ನಮ್ಮ ಅವಸರ. ಆ ಕಪ್ಪನ್ನು ಅವ್ವ ಅಡಿಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ತಿಂಗಳಿಗೆ ಒಂದು ಕಪ್ಪು, ಆ ಮುದಿ ಇಂಜಿನ್ನಿಗೆ ಸರಿಯಾಗಿ ಸಾಕಾಗುತ್ತಿತ್ತು. ಮುಂದೆ ನಾನು ವಿಜ್ಞಾನ ಓದಿದ ಮೇಲೆ ಯೋಚಿಸಿ ನೋಡಿದೆ, ಅಪ್ಪನ ಅಳತೆಯಲ್ಲಿ ತಪ್ಪೇ ಇರಲಿಲ್ಲ.

ಒಂದು ಅಮಾವಾಸ್ಯೆಗೆ ಅಪ್ಪ ಊರಲ್ಲಿರಲಿಲ್ಲ. ಪೂಜೆಯನ್ನೂ ಎಣ್ಣೆಯನ್ನೂ ಅಣ್ಣನಿಗೆ ಹೇಳಿ ಹೋಗಿದ್ದ. ಅಣ್ಣನಿಗೆ ಆಗ ಹತ್ತೊಂಬತ್ತು. ಮುರಗೋಡದಲ್ಲಿ ಕುಸ್ತಿ ಇತ್ತು, ಗೆಳೆಯರ ಜೊತೆ ಸೈಕಲ್ ಹತ್ತಿ ಹೋಗಿಬಿಟ್ಟ. ಮರುವಾರ ಇಂಜಿನ್ ಓಡುತ್ತಿದ್ದ ನಡುವೆಯೇ ಕಿರುಚಿ ನಿಂತಿತು. ಒಳಗೆಲ್ಲ ಸುಟ್ಟು ಕಚ್ಚಿಕೊಂಡಿತ್ತು. ಆ ವರ್ಷ ಬಾವಿಯ ಮೇಲಿನ ಗೋದಿ ಕೈಗೆ ಬರಲಿಲ್ಲ. ಅಪ್ಪ ಅಣ್ಣನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಸುಟ್ಟ ಇಂಜಿನ್ನಿನ ಮುಂದೆ ಸುಮ್ಮನೆ ಕುಳಿತಿದ್ದ. ಅಣ್ಣ ಮೂರು ದಿನ ಉಣ್ಣಲಿಲ್ಲ. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಆ ಮಾತು ಎತ್ತಿರಲಿಲ್ಲ, ಐವತ್ತು ವರ್ಷದ ಹತ್ತಿರ ಯಾರೂ ಎತ್ತಿರಲಿಲ್ಲ. ಎತ್ತಿದವನು ನಾನು.

ಅಣ್ಣ ಹೊರಗೆ ಹೋದ ಮೇಲೆ ನಾನು ಗೆದ್ದವನ ಹಾಗೆ ಇಂಜಿನ್ನನ್ನು ಕಣಿಕೆಯಿಂದ ಎಬ್ಬಿಸಿ, ಒಂದು ಮರದ ಚೌಕಟ್ಟಿಗೆ ತಿರುಪಿ ನಿಲ್ಲಿಸಿದೆ. ಚೌಕಟ್ಟು ಒಂದು ಬದಿಗೆ ತುಸು ವಾಲುತ್ತಿತ್ತು. ಆಗ ಅದು ದೊಡ್ಡ ವಿಷಯ ಎನಿಸಲಿಲ್ಲ. ಅಮಾವಾಸ್ಯೆ ಬಂದಾಗ ಮಾತ್ರ ಒಂದು ಯೋಚನೆ ಕೊರೆಯಿತು: ಅಣ್ಣ ಸಿಟ್ಟಿನಲ್ಲಿದ್ದಾನೆ, ಇಂಜಿನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ, ಇನ್ನು ಇದರ ಹೊಟ್ಟೆ ನೋಡುವವರು ಯಾರು? ಚಹಾ ಕುಡಿದು, ಹಿತ್ತಲ ಖೋಲಿಗೆ ಹೋಗಿ, ಒಂದು ಕಪ್ಪು ಎಣ್ಣೆ ಹೊಯ್ದು ಬಂದೆ. ವಿಜ್ಞಾನದ ಮಾಸ್ತರ, ನಿಂತ ಇಂಜಿನ್ನಿಗೆ ಎಣ್ಣೆ ಯಾಕೆ ಎಂದು ಒಮ್ಮೆ ಕೇಳಿಕೊಳ್ಳಬಾರದಿತ್ತೇ? ಕೇಳಿಕೊಳ್ಳಲಿಲ್ಲ. ಕೈ ಅಪ್ಪನದಾಗಿತ್ತು.

ಹೀಗೇ ಬೇಸಿಗೆ ಕಳೆಯಿತು. ಮಣ್ಣೆತ್ತಿನ ಅಮಾವಾಸ್ಯೆ ಹೋಯಿತು, ನಾಗರ ಅಮಾವಾಸ್ಯೆ ಹೋಯಿತು. ನೀರು ಏರಿ ಹಳೇ ದಾರಿ ಮುಳುಗಿತು. ಶ್ರಾವಣದಲ್ಲಿ ಇಂಜಿನ್ ಹೊರಗೆ ತೆಗೆಯಲು ಹೋದರೆ ಚೌಕಟ್ಟಿನ ಕೆಳಗೆ ತಟ್ಟೆಯಷ್ಟು ಅಗಲಕ್ಕೆ ಎಣ್ಣೆ ನಿಂತಿತ್ತು. ಒರೆಸಿದೆ. ಮರುದಿನ ಮತ್ತೆ ಇತ್ತು. ನೀರು ತುಂಬಿದ ಡ್ರಮ್ಮಿನಲ್ಲಿ ಪಂಖ ಮುಳುಗಿಸಿ ಹಗ್ಗ ಎಳೆದು ಚಾಲೂ ಮಾಡಿದರೆ ಬೆಳ್ಳನೆಯ ಹೊಗೆ ಹಿತ್ತಲೆಲ್ಲ ತುಂಬಿತು, ಟೊಪ್ಪಿಗೆಯ ಅಡಿಯಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಅಣ್ಣನ ಮನೆಯ ಹಿಂಬಾಗಿಲು ಸ್ವಲ್ಪ ತೆರೆಯಿತು, ಮತ್ತೆ ಮುಚ್ಚಿತು. ನಿಂತು ನೋಡಿದವನ ಮನಸ್ಸಿನಲ್ಲಿ ಏನಿತ್ತೋ, ನನಗಂತೂ ಕಿವಿ ಬಿಸಿಯಾಯಿತು. ನಿಲ್ಲಿಸಿಟ್ಟ ಇಂಜಿನ್ನೂ ಸೋರಿತ್ತಲ್ಲ.

ಅಂದು ಸಂಜೆ ವೈನಿ ಬಂದರು. ನಾನು ಮಾಸ್ತರ ಆದ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದಿಲ್ಲ.

"ಮಾಸ್ತರ, ಇಂಜಿನ್ ಏನಾತ್ರಿ?"

"ನೋಡಾಕತ್ತೇನ್ರಿ ವೈನಿ. ಎಲ್ಲೋ ಸೋರಾಕತ್ತೈತಿ."

"ಹಸ್ತ ಮಳಿಗೆ ಬಿತ್ತಿಗಿ ಅದ. ಇಂಜಿನ್ ಆಗಲಿಲ್ಲಂದ್ರ ಹುಟ್ಟು ಹಾಕ್ಕೊಂಡ ಹೋಗತೇನಿ ಅನ್ನಾಕತ್ತಾರ. ಡಾಕ್ಟರ್ ಹೇಳಿದ್ದು ನೆನಪ ಮಾಡಿದ್ರ ಎದ್ದ ಹೋಗತಾರ. ನನ್ನ ಮಾತು ಕೇಳಂಗಿಲ್ರಿ ಅವರು. ನೀವರೆ ಒಂದ ಮಾತು ಹೇಳ್ರಿ."

ನಾನು ಹೇಳುವುದು ಹೇಗೆ? ವೈನಿಗೂ ಅದು ಗೊತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಎಲ್ಲಾರ ನಡು ನೀರಿನ್ಯಾಗ ಏನರ ಆದ್ರ..." ಎಂದು ಅಷ್ಟಕ್ಕೇ ಬಿಟ್ಟು ಹೋದರು.

ಊರಲ್ಲಿ ಬೇರೆ ದೋಣಿಯವರಿದ್ದಾರೆ, ಕರೆದರೆ ಬರುತ್ತಾರೆ. ಅಣ್ಣ ಕರೆಯುವವನಲ್ಲ. ನಾನೇ ಹುಟ್ಟು ಹಾಕಿ ಅವನನ್ನು ದಾಟಿಸುತ್ತೇನೆ ಎಂದು ಒಂದು ದಿನ ಮಧ್ಯಾಹ್ನ ಯಾರೂ ಇಲ್ಲದಾಗ ದೋಣಿ ಬಿಚ್ಚಿ ನೋಡಿದೆ. ಅದು ನನ್ನನ್ನು ಕೂಡಿಸಿಕೊಂಡು ಇದ್ದಲ್ಲೇ ಎರಡು ಸುತ್ತು ತಿರುಗಿ, ಹೊರಟ ದಂಡೆಗೇ ತಂದು ಬಿಟ್ಟಿತು. ನನ್ನ ಬಲಭುಜ ಒಂದು ವಾರ ಮೇಲೆ ಏಳಲಿಲ್ಲ. ಅಂದಿನಿಂದ ಗೋಡೆಯ ಆಚೆ ಅಣ್ಣ ಹಳೇ ಹುಟ್ಟುಗಳನ್ನು ಹೆರೆಯುವ ಸದ್ದು ಕೇಳತೊಡಗಿತು. ದಿನಾ ಬೆಳಿಗ್ಗೆ ಒಂದು ತಾಸು. ಆ ಸದ್ದು ನಿಂತ ದಿನ ಅವನು ಹೊರಡುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಅಷ್ಟರೊಳಗೆ ನಾನು ಸೋರುವ ಜಾಗ ಹುಡುಕಬೇಕಿತ್ತು.

ಹುಡುಕಿದೆ. ಹಳೇ ಬನಿಯನ್ನಿಂದ ಇಂಜಿನ್ನನ್ನು ಅಡಿಯಿಂದ ಮುಡಿಯ ತನಕ ಒರೆಸಿ, ಎಣ್ಣೆ ಮೊದಲು ಎಲ್ಲಿ ಒಸರುತ್ತದೆಂದು ತಿಳಿಯಲು ಮೈತುಂಬ ವಿಭೂತಿ ಪುಡಿ ಉದುರಿಸಿದೆ. ಒಸರಿದಲ್ಲಿ ಪುಡಿ ಕಪ್ಪಾಗಬೇಕು, ಅದು ಉಪಾಯ. ಅದೇ ಹೊತ್ತಿಗೆ ವೈನಿ ಬಟ್ಟೆ ಒಣಹಾಕಲು ಬಂದರು. ವಿಭೂತಿ ಬಳಿದುಕೊಂಡು ನಿಂತ ಇಂಜಿನ್ ಮತ್ತು ಅದರ ಮುಂದೆ ಮಂಡಿಯೂರಿ ಕುಳಿತ ನನ್ನನ್ನು ನೋಡಿ, ಕೈಯೆತ್ತಿ ಮುಗಿದು ಹೋದರು. ಮಾಸ್ತರರಿಗೆ ಈಗೀಗ ಭಕ್ತಿ ಹೆಚ್ಚಾಗಿದೆ ಎಂದು ಸುದ್ದಿಯಾಯಿತು. ಉಪಾಯ ಮಾತ್ರ ಫಲಿಸಲಿಲ್ಲ. ಪುಡಿ ಒಂದು ಕಡೆಯಲ್ಲ, ನಾಲ್ಕು ಕಡೆ ಕಪ್ಪಾಯಿತು.

ಕೊನೆಗೆ ಸವದತ್ತಿಯ ದಾದಾಪೀರನಿಗೆ ಫೋನ್ ಮಾಡಿದೆ. ಬೈಲಹೊಂಗಲದಲ್ಲಿ ನನ್ನ ವಿದ್ಯಾರ್ಥಿ, ನನ್ನದೇ ವಿಷಯದಲ್ಲಿ ಎರಡು ಸಲ ಫೇಲಾದವನು. ಈಗ ಅವನ ಮೋಟರ್‌ಸೈಕಲ್ ಗ್ಯಾರೇಜಿನ ಮುಂದೆ ಜನ ಪಾಳಿ ಹಚ್ಚುತ್ತಾರೆ. ಗಣಪತಿ ಹಬ್ಬಕ್ಕೆ ಮುಂಚಿನ ಬೆನಕನ ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಬಂದ. ಕೆಳಗಿನ ತಿರುಪು ಬಿಚ್ಚಿ ಎಣ್ಣೆಯನ್ನು ಬೋಗುಣಿಗೆ ಇಳಿಸಿ, ವಾಶರ್ ಬದಲಿಸಿದ, ಸೀಲ್ ಬದಲಿಸಿದ. ಬೋಗುಣಿಯ ಎಣ್ಣೆ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

"ಛಲೋ ಎಣ್ಣಿ ಐತ್ರಿ ಸರ್, ಚೆಲ್ಲೂದು ಬ್ಯಾಡ" ಎಂದು ಅಷ್ಟನ್ನೂ ತಿರುಗಿ ಒಳಗೆ ಹೊಯ್ದ. "ಬಾಳ ಹಿಡೀತೈತಿ ಬಿಡ್ರಿ. ದೋಣಿ ಇಂಜಿನ್ ಅಲ್ಲೇನು."

ಡ್ರಮ್ಮಿನಲ್ಲಿ ಚಾಲೂ ಮಾಡಿದೆವು. ಹೊಗೆಯೂ ಇತ್ತು, ಸೋರಿಕೆಯೂ ಇತ್ತು. ದಾದಾಪೀರ ಅಳತೆಯ ಕಡ್ಡಿ ತೆಗೆದು ನೋಡಿದ. ಎಣ್ಣೆ ಮೇಲಿನ ಗೀರನ್ನೂ ದಾಟಿ ಕಡ್ಡಿಗೆಲ್ಲ ಮೆತ್ತಿತ್ತು. ನಮ್ಮ ಕಡೆ ತುಂಬಿದ್ದನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಕಡಿಮೆಯಾದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಅವನು ತಲೆ ಕೆರೆದುಕೊಂಡು, "ತಿಂಗಳ ಮ್ಯಾಲಾತು ಸೋರಾಕತ್ತು ಅಂತೀರಿ. ಎಣ್ಣಿ ಒಂದ ಹನಿ ಕಮ್ಮಿ ಆಗಿಲ್ಲ. ಇದು ಹ್ಯಾಂಗರಿ ಸರ್?" ಎಂದ. ವಿಜ್ಞಾನದಲ್ಲಿ ಫೇಲಾದವನು ಕೇಳಿದ ಪ್ರಶ್ನೆ. ಪಾಸು ಮಾಡುವ ಅಧಿಕಾರ ಇದ್ದವನಿಗೆ ಉತ್ತರ ಬರಲಿಲ್ಲ. "ನಡು ನೀರಾಗ ಒಯ್ಯಬ್ಯಾಡ್ರಿ ಇದನ್ನ" ಎಂದು ಹೇಳಿ ಅವನು ಹೋದ.

ಆಮೇಲಿನ ಮೂರು ವಾರ ನಾನು ನಿಜಕ್ಕೂ ಸೋತುಹೋಗಿದ್ದೆ. ಊಟ ರುಚಿಸುತ್ತಿರಲಿಲ್ಲ. ಹಸ್ತ ಮಳೆ ಹಿಡಿದು ಬಿಟ್ಟಿತು, ಹೊಲ ಹದಕ್ಕೆ ಬಂದಿತ್ತು, ಆ ದಂಡೆಯ ಟ್ರ್ಯಾಕ್ಟರಿನವನು ದಿನ ಹೇಳಿ ಕಳಿಸಿದ್ದ. ದಸರೆಗೆ ಮುಂಚಿನ ಮಾನವಮಿ ಅಮಾವಾಸ್ಯೆಯ ಮುನ್ನಾದಿನ ಗೋಡೆಯ ಆಚೆ ಹುಟ್ಟು ಹೆರೆಯುವ ಸದ್ದು ನಿಂತಿತು. ನಾನು ಕಟ್ಟೆಯ ಮೇಲೆ ಕುಳಿತು ಆ ಸದ್ದಿಗಾಗಿ ಕಾದೆ. ಬರಲಿಲ್ಲ. ಭಯವಾಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಒಂದು ಮಾತಿಗಾಗಿ ಅಣ್ಣ ನೀರಿನ ನಡುವೆ ಎದೆ ಹಿಡಿದುಕೊಳ್ಳುವ ಚಿತ್ರ ಕಣ್ಣಿಗೆ ಕಟ್ಟಿತು.

ಮರುದಿನ ಅಮಾವಾಸ್ಯೆ. ಬೇಗ ಎಚ್ಚರವಾಯಿತು. ಚಹಾಕ್ಕೂ ಕಾಯದೆ, ಎಣ್ಣೆಯ ಡಬ್ಬಿ ಮತ್ತು ಕಪ್ಪು ಹಿಡಿದುಕೊಂಡು ಹಿತ್ತಲ ಖೋಲಿಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಊದುಬತ್ತಿಯ ವಾಸನೆ. ಅಣ್ಣ ಮೈ ತೊಳೆದುಕೊಂಡು, ಹಣೆಗೆ ಎದೆಗೆ ವಿಭೂತಿ ಧರಿಸಿ, ಇಂಜಿನ್ನಿನ ಬಾಯಿಗೆ ಲಾಳಿಕೆ ಇಟ್ಟುಕೊಂಡು ಎಣ್ಣೆ ಹೊಯ್ಯುತ್ತಿದ್ದ. ಕೈಯಲ್ಲಿ ಒಂದು ಚಹಾ ಕಪ್ಪು.

ಅವನು ನನ್ನ ಕೈ ನೋಡಿದ. ನಾನು ಅವನ ಕೈ ನೋಡಿದೆ. ಅರ್ಧ ಕಪ್ಪು ಎಣ್ಣೆ ಹಾಗೇ ಉಳಿಯಿತು.

"ನೀನೂ ಹಾಕ್ತೀ?" ಎಂದ. ಏಳು ತಿಂಗಳಿಗೆ ಮೊದಲ ಮಾತು.

"ಹೂಂ."

"ಯಾವಾಗಿಂದ?"

"ಉಗಾದಿ ಹಿಂದಿನ ಅಮಾಸಿಯಿಂದ. ಪ್ರತಿ ಅಮಾಸಿ."

"ಎಷ್ಟ?"

"ಒಂದ ಕಪ್ಪ."

"ನಾನೂ ಅಷ್ಟ" ಎಂದ ಅಣ್ಣ. "ನಸುಕಿನಾಗ ಬಂದ ಹಾಕಿ ಹೋಗತೇನಿ."

ನಾನು ಬರುತ್ತಿದ್ದದ್ದು ಚಹಾ ಆದ ಮೇಲೆ. ಆರು ಅಮಾವಾಸ್ಯೆ, ಇಬ್ಬರ ಕಪ್ಪು ಸೇರಿ ಹನ್ನೆರಡು. ಒಂದು ಹನಿ ಎಣ್ಣೆಯನ್ನೂ ಸುಡದೆ ಸುಮ್ಮನೆ ನಿಂತಿದ್ದ ಇಂಜಿನ್ನಿಗೆ ಹನ್ನೆರಡು ಕಪ್ಪು. ಓಡಿಹೋಗಿ ಪುಸ್ತಕ ತಂದೆ. ಜಗಳ ಗೆಲ್ಲಲು ನಾನು ಹತ್ತು ಸಲ ಓದಿದ್ದ ಪುಟವನ್ನು ತಿರುವಿದರೆ ಅದರ ಬೆನ್ನಿಗೇ ಬರೆದಿತ್ತು: ಎಣ್ಣೆ ಇಷ್ಟೇ ಇರಬೇಕು, ಹೆಚ್ಚಾದರೆ ಹೊಗೆ ಬರುತ್ತದೆ, ಉಕ್ಕಿ ಹೊರಗೆ ಸೋರುತ್ತದೆ, ವಾಲಿಸಿ ಇಟ್ಟರೆ ಇನ್ನೂ ಬೇಗ. ಏಳು ತಿಂಗಳಲ್ಲಿ ಆ ಪುಟ ತಿರುವಿರಲಿಲ್ಲ. ಅಣ್ಣನಿಗೆ ಓದಿ ಹೇಳಿದೆ. ಅವನು ಇಂಜಿನ್ನನ್ನು ನೋಡಿ, "ಪಾಪ, ಅದರ ಹೊಟ್ಟಿ ಒಡೀಲಿಲ್ಲಲ್ಲ" ಎಂದ.

ನನ್ನ ಹೆಂಡತಿ ಈ ಸಂಗತಿಯನ್ನು ಕಿತ್ತೂರಿನ ತನ್ನ ತಂಗಿಗೆ ಫೋನಿನಲ್ಲಿ ಹೇಳುವಾಗ, ಅಣ್ಣತಮ್ಮಂದಿರ ಪ್ರೀತಿ ಎಂದರೆ ಹೀಗಿರಬೇಕು ನೋಡು ಎಂದಳು. ಕೇಳುವುದಕ್ಕೆ ಚೆಂದ. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ? ನಾನು ಎಣ್ಣೆ ಹೊಯ್ದದ್ದು ಪ್ರೀತಿಯಿಂದಲ್ಲ, ಅಣ್ಣನ ಮೇಲೆ ನಂಬಿಕೆ ಇಲ್ಲದೆ. ಅವನು ಹೊಯ್ದದ್ದು ಯಾಕೆಂದು ಕೆಳಗೆ ಬೋಗುಣಿ ಹಿಡಿದು ಹೆಚ್ಚಿನ ಎಣ್ಣೆ ಇಳಿಸುವಾಗ ಅವನೇ ಹೇಳಿದ. ನನ್ನ ಕಡೆ ನೋಡದೆ, ಬೋಗುಣಿಯನ್ನೇ ನೋಡುತ್ತ ಹೇಳಿದ.

"ಎಣ್ಣಿ ನೋಡ್ಲಿಲ್ಲ ಅಂತ ಇನ್ನೊಮ್ಮೆ ಅನಿಸಿಕೊಳ್ಳಬಾರದಿತ್ತು ನನಗ. ಅದಕ್ಕ."

ಬೋಗುಣಿ ತುಂಬಿತು. ಇನ್ನೊಂದನ್ನು ಇಟ್ಟೆ. ಐವತ್ತು ವರ್ಷದ ಹಿಂದಿನ ಒಂದು ತಪ್ಪನ್ನು ಅವನು ಆರು ತಿಂಗಳು ನಸುಕಿನಲ್ಲೆದ್ದು, ಯಾರಿಗೂ ಹೇಳದೆ ತೀರಿಸುತ್ತಿದ್ದ. ನಾನು ಅದೇ ಇಂಜಿನ್ನಿನ ಮುಂದೆ ವಿಭೂತಿ ಉದುರಿಸುತ್ತ ತಪ್ಪು ಹುಡುಕುತ್ತಿದ್ದೆ. ತುಂಬ ನಾಚಿಕೆಯಾಯಿತು.

ಎಣ್ಣೆಯನ್ನು ಎರಡು ಗೀರುಗಳ ನಡುವೆ ತಂದು, ಡ್ರಮ್ಮಿನಲ್ಲಿ ಚಾಲೂ ಮಾಡಿದೆವು. ಹಳೇ ಎಣ್ಣೆ ಸುಟ್ಟು ಹೋಗುವ ತನಕ ಕಾಲು ತಾಸು ಹೊಗೆ ಬಂತು, ಆಮೇಲೆ ತಿಳಿಯಾಯಿತು. ನಾನು ಅಡಿಯಲ್ಲಿ ಬಿಳಿ ಕಾಗದ ಹಾಸಿ ಕುಳಿತೆ. ಒಂದು ಹನಿಯೂ ಬೀಳಲಿಲ್ಲ. ವೈನಿ ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಹೋಗಿ ಇಬ್ಬರಿಗೂ ಒಂದೇ ತಾಟಿನಲ್ಲಿ ಚಹಾ ತಂದಿಟ್ಟರು.

ಎರಡು ದಿನ ಬಿಟ್ಟು ಬೀಜದ ಚೀಲ ಹೇರಿಕೊಂಡು ಹೊರಟೆವು. ಬೆಳಗಿನ ಎಂಟರ ಹೊತ್ತು, ಗಾಳಿ ಇರಲಿಲ್ಲ. ಅಣ್ಣ ಮುಂದೆ ಚೀಲಗಳ ನಡುವೆ ನನಗೆ ಬೆನ್ನು ಮಾಡಿ ಕುಳಿತಿದ್ದ, ನಾನು ಹಿಂದೆ ಇಂಜಿನ್ನಿನ ಹಿಡಿಕೆ ಹಿಡಿದಿದ್ದೆ. ಅಮಾವಾಸ್ಯೆಯ ದಿನದಿಂದ ನಾವು ಎಣ್ಣೆ, ವಾಶರ್, ಬೀಜ, ಟ್ರ್ಯಾಕ್ಟರ್ ಎಲ್ಲ ಮಾತಾಡಿದ್ದೆವು. ಆ ಒಂದು ಮಾತಿನ ಹತ್ತಿರ ಮಾತ್ರ ಇಬ್ಬರೂ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಹೇಳದಿದ್ದರೂ ದಿನಗಳು ಸಾಗುತ್ತವೆ. ಆದರೆ ಅವನ ಬೆನ್ನು ನೋಡುತ್ತ ಕುಳಿತವನಿಗೆ ತಡೆಯಲಾಗಲಿಲ್ಲ. ವಯಸ್ಸಾದ ಬೆನ್ನು, ಅಂಗಿಯೊಳಗೆ ಭುಜದ ಎಲುಬು ಕಾಣುತ್ತಿತ್ತು.

"ಅಣ್ಣಾ, ಆವತ್ತ ನಾ ಹಂಗ ಅನ್ನಬಾರದಿತ್ತು" ಎಂದೆ.

ಅವನು ತಿರುಗಲಿಲ್ಲ. ಇಂಜಿನ್ನಿನ ಸದ್ದು ದೊಡ್ಡದು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಆಗಲೂ ತಿರುಗಲಿಲ್ಲ. ನೀರಿನ ನಟ್ಟನಡುವೆ ಇಂಜಿನ್ ಬಂದ್ ಮಾಡಿದೆ. ದೋಣಿ ತನ್ನಷ್ಟಕ್ಕೆ ಸ್ವಲ್ಪ ದೂರ ಹೋಗಿ ನಿಂತಿತು. ಎಲ್ಲ ಸದ್ದೂ ನಿಂತುಹೋಯಿತು. ಅಷ್ಟು ನಿಶ್ಶಬ್ದದಲ್ಲಿ ಅದೇ ಮಾತನ್ನು ಮೂರನೇ ಸಲ ಹೇಳುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ತಿಳಿಸಲಿ? ಹೇಳಿದೆ. "ತಪ್ಪಾತು ಅಣ್ಣಾ. ನಾ ಆವತ್ತ ಹಂಗ ಅನ್ನಬಾರದಿತ್ತು."

ಅಣ್ಣ ಆಗ ನಿಧಾನವಾಗಿ ನನ್ನ ಕಡೆ ತಿರುಗಿ ಕುಳಿತ.

"ಮೊದಲ್ನೇ ಸಲಾನೂ ಕೇಳ್ಸಿತ್ತು ತಮ್ಮಾ" ಎಂದ. "ಇನ್ನೊಮ್ಮೆ ಅಂತೀಯೇನೋ ಅಂತ ಸುಮ್ನ ಕುಂತಿದ್ದೆ. ಚಾಲೂ ಮಾಡು, ಹೊತ್ತಾತು."